ಜೊತೆಗೆ ಯಾರಿದ್ರಂತೆ?

ಅಮ್ಮ ಮೊದಲು ನೋಡಿದ್ದು ಛಾವಣಿಯನ್ನು. "ಬಾಳೆ ಎಲೆ ಅಲ್ವೇನೇ ಅದು?" ಅಂದಳು.

ಹೌದು, ಬಾಳೆ ಎಲೆಯೇ. ಇಂಗ್ಲೆಂಡಿನ ಬ್ರೈಟನ್ ಊರಿನಲ್ಲಿ ರಾಯಲ್ ಪೆವಿಲಿಯನ್ ಎಂಬ ಅರಮನೆ ಇದೆ. ಅದರ ಊಟದ ಹಾಲ್‌ನ ಗುಮ್ಮಟದ ಒಳಗೆ ತಾಮ್ರದ ದೊಡ್ಡ ದೊಡ್ಡ ಬಾಳೆ ಎಲೆಗಳು ಹರಡಿಕೊಂಡಿವೆ. ಅವುಗಳ ನಡುವಿನಿಂದ ಬೆಳ್ಳಿ ಬಣ್ಣದ ಒಂದು ಡ್ರ್ಯಾಗನ್ ಕೆಳಗೆ ಬಾಗಿ, ಉಗುರಲ್ಲಿ ಗಾಜಿನ ದೀಪದ ಗೊಂಚಲನ್ನು ಹಿಡಿದುಕೊಂಡಿದೆ. ಗೊಂಚಲಿನ ಉದ್ದ ಸುಮಾರು 30 ಅಡಿ, ತೂಕ ಒಂದು ಟನ್. ಅಲ್ಲಿಗೆ ಬಂದವರೆಲ್ಲ ಡ್ರ್ಯಾಗನ್ ನೋಡುತ್ತಾರೆ. ಅಮ್ಮ ಎಲೆ ನೋಡುತ್ತಿದ್ದಳು. ಹಾಸನದ ಹತ್ತಿರದ ನಮ್ಮೂರ ಮನೆಯ ಹಿತ್ತಲಲ್ಲಿ ಬಚ್ಚಲ ನೀರು ಕುಡಿದೇ ಬೆಳೆಯುವ ಬಾಳೆ ಗಿಡಗಳಿವೆ. ಅದೇ ಎಲೆ ಇಷ್ಟು ದೂರದಲ್ಲಿ ಒಬ್ಬ ರಾಜನ ತಲೆ ಮೇಲೆ ಇರುವುದು ಅವಳಿಗೆ ಖುಷಿ ಕೊಟ್ಟಿತು.

ಅಡುಗೆಮನೆಗೆ ಹೋದಾಗಲೂ ಹೀಗೇ ಆಯಿತು. ಅಲ್ಲಿ ಛಾವಣಿಗೆ ಆಸರೆಯಾಗಿ ಕಬ್ಬಿಣದ ತೆಳ್ಳನೆಯ ಕಂಬಗಳಿವೆ, ಅವುಗಳ ತುದಿಗೆ ತಾಮ್ರದ ತಾಳೆ ಗರಿ. "ತೆಂಗಿನ ಗರಿ ಮಾಡಕ್ಕೆ ಹೋಗಿ ಹೀಗಾಗಿರ್ಬೇಕು" ಅಂದಳು ಅಮ್ಮ. ಗೋಡೆ ತುಂಬ ಫಳಫಳ ಹೊಳೆಯುವ ತಾಮ್ರದ ಪಾತ್ರೆಗಳು. ಅಲ್ಲೇ ನಿಂತು ನಾನು ಹೇಳಿದೆ: ಅಮ್ಮ, ಇದೇ ಅಡುಗೆಮನೆ ಒಂದು ಕಾಲದಲ್ಲಿ ಆಪರೇಷನ್ ಥಿಯೇಟರ್ ಆಗಿತ್ತು. ಇಲ್ಲಿ ನಮ್ಮ ದೇಶದ ಸೈನಿಕರ ಕೈಕಾಲುಗಳಿಂದ ಗುಂಡು ತೆಗೆದಿದ್ದಾರೆ. ಆಗಲೇ ನೋಡಿದ ಬಾಳೆ ಎಲೆ ಹಾಲ್, ಅದರಾಚೆಯ ಸಂಗೀತದ ಹಾಲ್, ಎಲ್ಲಾ ವಾರ್ಡ್ ಆಗಿತ್ತು.

ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಒಂದರ ಹಿಂದೆ ಒಂದು ಮೂರು ಪ್ರಶ್ನೆ ಕೇಳಿದಳು.

"ಊಟಕ್ಕೆ ಏನ್ ಕೊಡ್ತಿದ್ರಂತೆ?"

"ನೀರು?"

"ಜೊತೆಗೆ ಯಾರಿದ್ರಂತೆ?"

ಆಸ್ಪತ್ರೆ ಕಂಡವರು ಕೇಳುವ ಪ್ರಶ್ನೆಗಳು ಇವು. ಐದು ವರ್ಷದ ಹಿಂದೆ ಅಪ್ಪ ಬಿದ್ದು ಸೊಂಟ ಮುರಿದುಕೊಂಡು 38 ದಿನ ಆಸ್ಪತ್ರೆಯಲ್ಲಿದ್ದರು. ಆ 38 ದಿನವೂ ಅಮ್ಮ ಅವರ ಮಂಚದ ಪಕ್ಕದಲ್ಲೇ ಚಾಪೆ ಹಾಸಿಕೊಂಡು ಮಲಗಿದ್ದಳು. ಫ್ಲಾಸ್ಕಲ್ಲಿ ಬಿಸಿನೀರು, ಡಬ್ಬಿಯಲ್ಲಿ ರವೆ ಗಂಜಿ, ಮಂಚದ ಕೆಳಗೆ ಒಂದು ಬುಟ್ಟಿಯಲ್ಲಿ ಇಬ್ಬರ ಬಟ್ಟೆ. ಡ್ರಿಪ್ ಮುಗಿಯಿತು ಅಂತ ನರ್ಸನ್ನು ಕರೆಯುವುದು, ಚೀಟಿ ಹಿಡಿದು ಮೆಡಿಕಲ್ ಶಾಪಿಗೆ ಓಡುವುದು, ಮಗ್ಗಲು ಬದಲಿಸುವುದು, ರಾತ್ರಿ ಎರಡು ಗಂಟೆಗೆ ಅಪ್ಪ ಎಚ್ಚರವಾಗಿ ಛಾವಣಿ ನೋಡುತ್ತಾ ಮಲಗಿದ್ದರೆ "ಏನೂ ಆಗಲ್ಲ, ಮಲ್ಕೊಳ್ಳಿ" ಅನ್ನುವುದು. ನಾನು ಇಲ್ಲಿಂದ, ಅಂದರೆ ಇಂಗ್ಲೆಂಡಿನಿಂದ, ಹೊರಟು ಹೋಗಿ ಸೇರಿದ್ದು 30ನೇ ದಿನ. ಆಗ ಅಪ್ಪ ಮಾತಾಡುತ್ತಿರಲಿಲ್ಲ, ಛಾವಣಿಯನ್ನೇ ನೋಡುತ್ತಿದ್ದರು. ಅಲ್ಲೊಂದು ಫ್ಯಾನು ಮತ್ತು ಮಳೆನೀರು ಇಳಿದ ಕಲೆ ಇತ್ತು. ಆ ಕಲೆಯ ಆಕಾರ ನನಗೆ ಇವತ್ತಿಗೂ ನೆನಪಿದೆ.

ಊಟ, ನೀರಿನ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇತ್ತು. ಮೂರನೆಯದಕ್ಕೆ ಅವತ್ತು ಏನೂ ಹೇಳಲು ಆಗಲಿಲ್ಲ. ಈ ಬರಹ ಅದರ ಬಗ್ಗೆಯೇ.

ಈ ಅರಮನೆಯ ಕತೆ ಶುರುವಾಗಿದ್ದು ಕೂಡ ಕಾಯಿಲೆಯಿಂದಲೇ. 1750ರ ಸುಮಾರಿಗೆ ರಿಚರ್ಡ್ ರಸೆಲ್ ಎಂಬ ಡಾಕ್ಟರು ಸಮುದ್ರದ ನೀರಲ್ಲಿ ಮುಳುಗಿ ಎದ್ದರೆ, ಅದನ್ನು ಕುಡಿದರೂ ಸಹ, ಗ್ರಂಥಿಗಳ ಬಾವು ಇಳಿಯುತ್ತದೆ ಎಂದು ಬರೆದರು. ಆಗ ಬ್ರೈಟನ್ ಬಡ ಮೀನುಗಾರರ ಊರು. ಅಲ್ಲಿಗೆ ಶ್ರೀಮಂತರು ಬರತೊಡಗಿದರು. ಯುವರಾಜ ಜಾರ್ಜ್, ಅಂದರೆ ಮುಂದೆ ನಾಲ್ಕನೇ ಜಾರ್ಜ್ ಎಂದು ಪಟ್ಟಕ್ಕೆ ಬಂದವನು, 1783ರಲ್ಲಿ ಮೊದಲ ಸಲ ಬಂದ. ಅವನಿಗೂ ಕುತ್ತಿಗೆಯಲ್ಲಿ ಬಾವು, ವೈದ್ಯರು ಸಮುದ್ರಸ್ನಾನ ಹೇಳಿದ್ದರು. ಊರು ಹಿಡಿಸಿತು. ಒಂದು ತೋಟದ ಮನೆಯನ್ನು ಬಾಡಿಗೆಗೆ ಹಿಡಿದ. 1787ರಲ್ಲಿ ಹೆನ್ರಿ ಹಾಲೆಂಡ್ ಎಂಬ ವಾಸ್ತುಶಿಲ್ಪಿಯಿಂದ ಅದನ್ನು ದೊಡ್ಡದು ಮಾಡಿಸಿದ. 1803ರಿಂದ 1808ರವರೆಗೆ ಕುದುರೆಗಳಿಗೆಂದೇ ಒಂದು ಭಾರಿ ಲಾಯ ಕಟ್ಟಿಸಿದ, ಅದರ ಗುಮ್ಮಟದ ಅಗಲವೇ 80 ಅಡಿ. ಕುದುರೆಗಳ ಮನೆ ಯುವರಾಜನ ಮನೆಗಿಂತ ಚೆನ್ನಾಗಿದೆ ಅಂತ ಊರವರು ಆಡಿಕೊಳ್ಳುವಷ್ಟು ದೊಡ್ಡದು. ಕೊನೆಗೆ 1815ರಲ್ಲಿ ಜಾನ್ ನ್ಯಾಶ್ ಬಂದ, ಹಳೇ ಮನೆಯ ಮೇಲೆ ಈರುಳ್ಳಿ ಆಕಾರದ ಗುಮ್ಮಟಗಳನ್ನೂ ಮಿನಾರುಗಳನ್ನೂ ಏರಿಸಿದ. 1823ರ ಹೊತ್ತಿಗೆ ಈಗ ನಾವು ನೋಡುವ ಅರಮನೆ ಸಿದ್ಧವಾಯಿತು. ಹೊರಗೆ ಹಿಂದುಸ್ತಾನ, ಒಳಗೆ ಚೀನಾ.

ನ್ಯಾಶ್ ಒಂದು ಸಲವೂ ಭಾರತ ನೋಡಿದವನಲ್ಲ. ಥಾಮಸ್ ಮತ್ತು ವಿಲಿಯಂ ಡೇನಿಯಲ್ ಎಂಬ ಚಿಕ್ಕಪ್ಪ-ಮಗ ಇಬ್ಬರು ಕಲಾವಿದರು ಏಳೆಂಟು ವರ್ಷ ನಮ್ಮ ದೇಶ ಸುತ್ತಿ, ದಕ್ಷಿಣಕ್ಕೂ ಬಂದು, ಕೋಟೆ ಗುಡಿ ಮಸೀದಿಗಳ ಚಿತ್ರಗಳನ್ನು ಬಿಡಿಸಿಕೊಂಡು ಹೋಗಿ ಅಚ್ಚು ಹಾಕಿಸಿದ್ದರು. ಆ ಚಿತ್ರಗಳನ್ನು ನೋಡಿ ಕಟ್ಟಿದ್ದು ಇದು. ಮೈಸೂರು ಅರಮನೆ ನೋಡಿ ಬೆಳೆದ ನನಗೆ ಈ ಗುಮ್ಮಟಗಳು ಮೊದಲ ನೋಟಕ್ಕೆ ಪರಿಚಿತ ಅನ್ನಿಸಿದ್ದವು. ನಮ್ಮ ಅರಮನೆಯನ್ನೂ ಬ್ರಿಟಿಷರೇ ಆದ ಹೆನ್ರಿ ಇರ್ವಿನ್ ರೂಪಿಸಿದ್ದು, 1912ರಲ್ಲಿ ಮುಗಿದದ್ದು. ಆದರೆ ಇರ್ವಿನ್ ನಮ್ಮ ನೆಲದಲ್ಲಿ ನಿಂತು ನಮ್ಮ ಕುಶಲಕರ್ಮಿಗಳ ಕೈಯಲ್ಲಿ ಮಾಡಿಸಿದರು. ಬ್ರೈಟನ್ನಿನದು ಕನಸಲ್ಲಿ ಕಂಡ ಭಾರತ.

ಇಲ್ಲಿ ಒಬ್ಬರ ಹೆಸರು ಹೇಳದೆ ಮುಂದೆ ಹೋಗಲು ಮನಸ್ಸಿಲ್ಲ. ಶೇಖ್ ದೀನ್ ಮಹಮ್ಮದ್. ಪಾಟ್ನಾದವರು. ಈ ಅರಮನೆ ಏಳುತ್ತಿದ್ದ ಕಾಲದಲ್ಲೇ ಬ್ರೈಟನ್ನಿನ ಸಮುದ್ರದ ದಡದಲ್ಲಿ ಹಬೆ ಸ್ನಾನದ ಮನೆ ನಡೆಸುತ್ತಿದ್ದರು. ಗಿಡಮೂಲಿಕೆ ಹಾಕಿದ ಹಬೆಯಲ್ಲಿ ಕೂರಿಸಿ, ಆಮೇಲೆ ಮೈ ತಿಕ್ಕಿ ನೀವುತ್ತಿದ್ದರು. ಅದಕ್ಕೆ ಅವರಿಟ್ಟ ಹೆಸರು ಶಾಂಪೂಯಿಂಗ್, ನಮ್ಮ ಚಂಪಿಯಿಂದ ಬಂದದ್ದು. ನಾಲ್ಕನೇ ಜಾರ್ಜ್ ಅವರನ್ನು ತನ್ನ ಶಾಂಪೂಯಿಂಗ್ ಸರ್ಜನ್ ಎಂದು ನೇಮಿಸಿಕೊಂಡ. ಅಂದರೆ ಭಾರತದ ಕೈಗಳು ಈ ಅರಮನೆಯ ರೋಗಿಯನ್ನು ನೀವಿದ ಸುಮಾರು ನೂರು ವರ್ಷದ ನಂತರ ಭಾರತದ ರೋಗಿಗಳು ಈ ಅರಮನೆಗೆ ಬಂದರು. ದೀನ್ ಮಹಮ್ಮದ್ 1851ರಲ್ಲಿ ತೀರಿಕೊಂಡರು, ಸಮಾಧಿ ಅದೇ ಊರಿನ ಸೇಂಟ್ ನಿಕೋಲಸ್ ಚರ್ಚಿನ ಅಂಗಳದಲ್ಲಿದೆ.

ರಾಜನಿಗೆ ಕೊನೆಕೊನೆಗೆ ಗೌಟು ಎಂಬ ಕೀಲುಬಾವು, ಮೈಭಾರ ಜಾಸ್ತಿಯಾಗಿ ಮಹಡಿ ಹತ್ತಲು ಆಗುತ್ತಿರಲಿಲ್ಲ. ಮಲಗುವ ಕೋಣೆಯನ್ನು ಕೆಳಗೇ ಮಾಡಿಸಿಕೊಂಡ. ಮುಂದೆ ವಿಕ್ಟೋರಿಯಾ ರಾಣಿಗೆ ಈ ಜಾಗ ಹಿಡಿಸಲಿಲ್ಲ. ಸುತ್ತ ಮನೆಗಳೆದ್ದು ಸಮುದ್ರ ಕಾಣುತ್ತಿರಲಿಲ್ಲ, ಹೊರಗೆ ಕಾಲಿಟ್ಟರೆ ಜನ ಮುತ್ತಿಕೊಳ್ಳುತ್ತಿದ್ದರು. 1845ರ ನಂತರ ಅವಳು ಬರಲೇ ಇಲ್ಲ. ಸಾಮಾನುಗಳನ್ನೆಲ್ಲ ಲಂಡನ್ನಿಗೆ ಸಾಗಿಸಿ ಕಟ್ಟಡ ಮಾರಲು ಹೊರಟಾಗ, 1850ರಲ್ಲಿ ಊರಿನವರೇ 53,000 ಪೌಂಡು ಕೊಟ್ಟು ಅದನ್ನು ಕೊಂಡರು. ಈ ಮಾತು ನೆನಪಿರಲಿ. 1850ರಿಂದ ಅದು ರಾಜನ ಮನೆಯಲ್ಲ, ಊರಿನ ಸ್ವತ್ತು.

ಈಗ 1914ಕ್ಕೆ, ಮೊದಲನೇ ಮಹಾಯುದ್ಧ ಶುರುವಾದ ವರ್ಷಕ್ಕೆ ಬರೋಣ.

ಆ ವರ್ಷ ಸೆಪ್ಟೆಂಬರ್ ಕೊನೆಗೆ ಭಾರತದ ಲಾಹೋರ್ ಡಿವಿಷನ್, ಅದರ ಹಿಂದೆ ಮೀರತ್ ಡಿವಿಷನ್ ಫ್ರಾನ್ಸಿನ ಮಾರ್ಸೇ ಬಂದರಿನಲ್ಲಿ ಇಳಿದವು. ಪಂಜಾಬಿನ ಸಿಖ್ಖರು, ಮುಸಲ್ಮಾನರು, ಡೋಗ್ರಾಗಳು, ಜಾಟರು, ಪಠಾಣರು, ಗಢವಾಲಿಗಳು, ನೇಪಾಳದ ಗೂರ್ಖಾಗಳು. ಹಲವರು ಇನ್ನೂ ಬೇಸಿಗೆಯ ತೆಳು ಖಾಕಿಯಲ್ಲೇ ಇದ್ದರು. ಅಕ್ಟೋಬರಿಗೆ ಬೆಲ್ಜಿಯಂನ ಈಪ್ರ್ ಊರಿನ ಹತ್ತಿರ ಕಂದಕಕ್ಕೆ ಇಳಿದರು. ಮಂಡಿ ಮಟ್ಟದ ಕೆಸರು, ಹಿಮ, ಫಿರಂಗಿ. ಪಶ್ಚಿಮ ರಣರಂಗದಲ್ಲಿ ಒಟ್ಟು ಯುದ್ಧದಲ್ಲಿ ಸುಮಾರು 1 ಲಕ್ಷ 40 ಸಾವಿರ ಭಾರತೀಯರು ಕೆಲಸ ಮಾಡಿದರು. ನಮ್ಮ ಮೈಸೂರು ಸಂಸ್ಥಾನದ ಲ್ಯಾನ್ಸರ್ಸ್ ಕುದುರೆ ದಳ ಬೇರೆ ಕಡೆ ಹೋಯಿತು, ಈಜಿಪ್ಟ್ ಮತ್ತು ಪ್ಯಾಲೆಸ್ಟೈನಿಗೆ. 1918ರ ಸೆಪ್ಟೆಂಬರ್ 23ರಂದು ಹೈಫಾ ಊರನ್ನು ಗೆದ್ದವರಲ್ಲಿ ಅವರಿದ್ದರು. ಬೆಂಗಳೂರಿನ ಜೆ.ಸಿ. ನಗರದಲ್ಲಿ ಅವರ ಸ್ಮಾರಕವಿದೆ. ಹಾಗಾಗಿ ಬ್ರೈಟನ್ನಿನ ಮಂಚಗಳ ಮೇಲೆ ಮಲಗಿದ್ದವರು ನಮ್ಮ ಕಡೆಯವರಲ್ಲ. ಇವತ್ತಿನ ಲೆಕ್ಕದಲ್ಲಿ ಅವರಲ್ಲಿ ತುಂಬಾ ಜನರ ಊರು ಪಾಕಿಸ್ತಾನದಲ್ಲಿದೆ. ಅಮ್ಮನಿಗೆ ಇದನ್ನು ಹೇಳಿದಾಗ "ಯಾರಾದ್ರೇನೇ, ಮಕ್ಳು ಮಕ್ಳೇ" ಅಂದಳು.

ಗಾಯಾಳುಗಳು ಹಡಗಲ್ಲಿ ಇಂಗ್ಲೆಂಡಿನ ದಕ್ಷಿಣ ತೀರಕ್ಕೆ ಬರತೊಡಗಿದರು. ಬ್ರೈಟನ್ನಿನಲ್ಲಿ ಮೂರು ಜಾಗಗಳನ್ನು ಅವರಿಗೆ ಬಿಟ್ಟುಕೊಟ್ಟರು: ಈ ಅರಮನೆ, ಯಾರ್ಕ್ ಪ್ಲೇಸ್‌ನ ಒಂದು ಶಾಲೆ, ಮತ್ತು ಗುಡ್ಡದ ಮೇಲೆ ದಿಕ್ಕಿಲ್ಲದ ಬಡವರನ್ನು ಇರಿಸುತ್ತಿದ್ದ ದೊಡ್ಡ ಕಟ್ಟಡ. ಈ ಮೂರನೆಯದಕ್ಕೆ ಕಿಚನರ್ ಆಸ್ಪತ್ರೆ ಎಂದು ಹೆಸರಿಟ್ಟರು. ಎಲ್ಲ ಸೇರಿ ಊರಿನಲ್ಲಿ ಸುಮಾರು 12,000 ಜನ ಭಾರತೀಯ ಸೈನಿಕರಿಗೆ ಚಿಕಿತ್ಸೆ ಸಿಕ್ಕಿತು. ಅರಮನೆಗೆ ಮೊದಲ ಗಾಯಾಳುಗಳು ಬಂದದ್ದು 1914ರ ಡಿಸೆಂಬರಿನಲ್ಲಿ. ಅರಮನೆ, ಆಗಲೇ ಸಂಗೀತ ಸಭಾಂಗಣವಾಗಿದ್ದ ಹಳೇ ಕುದುರೆ ಲಾಯ, ಅದರ ಪಕ್ಕದ ಕಾರ್ನ್ ಎಕ್ಸ್‌ಚೇಂಜ್ ಎಂಬ ಕಟ್ಟಡ ಸೇರಿ 700ಕ್ಕೂ ಜಾಸ್ತಿ ಹಾಸಿಗೆ ಹಾಕಿದ್ದರು.

ಅಮ್ಮನ ಮೊದಲೆರಡು ಪ್ರಶ್ನೆಗೆ ಉತ್ತರ ಇಲ್ಲಿದೆ. ಒಂಬತ್ತು ಅಡುಗೆಮನೆ ಕಟ್ಟಿದರು. ಒಂದೊಂದು ಧರ್ಮ, ಜಾತಿಯವರಿಗೆ ಬೇರೆ ಬೇರೆ, ಅಡುಗೆ ಮಾಡುವವರೂ ಆಯಾ ಜನರೇ. ಮಾಂಸ ಕಡಿಯುವ ಜಾಗ ಬೇರೆ ಬೇರೆ. ಪ್ರತಿ ವಾರ್ಡಿನಲ್ಲಿ ಎರಡು ನಲ್ಲಿ, ಒಂದು ಹಿಂದೂಗಳಿಗೆ ಒಂದು ಮುಸಲ್ಮಾನರಿಗೆ. ಗೋಡೆಯ ಮೇಲಿನ ಸೂಚನೆಗಳು ಉರ್ದು, ಹಿಂದಿ, ಗುರುಮುಖಿಯಲ್ಲಿ. ಹುಲ್ಲುಹಾಸಿನ ಮೇಲೆ ಡೇರೆ ಹಾಕಿ ಸಿಖ್ಖರಿಗೆ ಗುರುದ್ವಾರ, ಇನ್ನೊಂದು ಕಡೆ ಮೆಕ್ಕಾದ ದಿಕ್ಕಿಗೆ ನಮಾಜಿಗೆ ಜಾಗ. ನಾನು ಈ ದೇಶದಲ್ಲಿ ಹನ್ನೊಂದು ವರ್ಷದಿಂದ ಇದ್ದೇನೆ. ಬೇರೆಯವರ ಊಟವನ್ನು ಅರ್ಥ ಮಾಡಿಕೊಳ್ಳುವುದು ಎಷ್ಟು ಕಷ್ಟದ ಕೆಲಸ ಅಂತ ಗೊತ್ತು. ಯುದ್ಧದ ಮಧ್ಯೆ, ಕೆಲವೇ ವಾರಗಳಲ್ಲಿ ಇಷ್ಟು ಮಾಡಿದ್ದಾರಲ್ಲ, ಅದಕ್ಕೆ ನನಗೆ ನಿಜವಾಗಿ ಗೌರವವಿದೆ. ಸತ್ತು ಹೋಗುವ ಭಯದಲ್ಲಿರುವ ಮನುಷ್ಯನಿಗೆ ತಾನು ಉಣ್ಣುವ ರೊಟ್ಟಿ ತನ್ನ ಊರಿನ ಥರವೇ ಇದ್ದರೆ ಎಷ್ಟು ಧೈರ್ಯ ಅಲ್ವಾ?

ಆದರೆ ಇದೇ ವ್ಯವಸ್ಥೆಯ ಇನ್ನೊಂದು ಮುಖವನ್ನೂ ಹೇಳಬೇಕು. ಜಾತಿಯನ್ನು ಹೀಗೆ ಪಾಲಿಸುವುದು ಅಂದರೆ ನಮ್ಮ ಕೆಟ್ಟದ್ದನ್ನೂ ಹಡಗು ಹತ್ತಿಸಿ ತಂದ ಹಾಗೆ. ದಕ್ಷಿಣ ಇಂಗ್ಲೆಂಡಿನಲ್ಲೇ, ಬ್ರೋಕನ್‌ಹರ್ಸ್ಟ್ ಎಂಬ ಊರಲ್ಲಿ ಇನ್ನೊಂದು ಭಾರತೀಯ ಆಸ್ಪತ್ರೆ ಇತ್ತು. ಅಲ್ಲಿ ಕಸ ಗುಡಿಸುವ ಕೆಲಸಕ್ಕೆ ಬಂದಿದ್ದ ಸುಖಾ ಎಂಬಾತ 1915ರ ಜನವರಿಯಲ್ಲಿ ತೀರಿಕೊಂಡ. ಮುಟ್ಟಿಸಿಕೊಳ್ಳದ ಜಾತಿಯವನು ಅಂತ ಹಿಂದೂಗಳು ಸುಡಲು ಒಪ್ಪಲಿಲ್ಲ. ತಮ್ಮವನಲ್ಲ ಅಂತ ಮುಸಲ್ಮಾನರು ಹೂಳಲು ಒಪ್ಪಲಿಲ್ಲ. ಕೊನೆಗೆ ಆ ಊರಿನ ಪಾದ್ರಿ ತಮ್ಮ ಚರ್ಚಿನ ಅಂಗಳದಲ್ಲಿ ಜಾಗ ಕೊಟ್ಟರು, ಊರವರು ದುಡ್ಡು ಹಾಕಿ ಕಲ್ಲು ನಿಲ್ಲಿಸಿದರು. ಇದನ್ನು ಓದಿದ ದಿನ ನನಗೆ ಊಟ ಸೇರಲಿಲ್ಲ. ಏಳು ಸಮುದ್ರ ದಾಟಿ ಬಂದು, ನಮ್ಮವರ ಗಲೀಜನ್ನೇ ಬಳಿದು, ಸತ್ತ ಮೇಲೂ ನಮ್ಮವರಿಗೇ ಬೇಡವಾದ.

ಸಂಗೀತದ ಹಾಲ್‌ಗೆ ಬರುತ್ತೇನೆ. ಅದರ ಗುಮ್ಮಟಕ್ಕೆ ಚಿನ್ನದ ಬಣ್ಣ ಹಚ್ಚಿದ 26,000 ಕಪ್ಪೆಚಿಪ್ಪಿನ ಆಕಾರಗಳನ್ನು ಜೋಡಿಸಿದ್ದಾರೆ. ಮೇಲೆ ಹೋದಂತೆ ಚಿಪ್ಪುಗಳು ಚಿಕ್ಕದಾಗುತ್ತವೆ, ಹಾಗಾಗಿ ಗುಮ್ಮಟ ಇರುವುದಕ್ಕಿಂತ ಎತ್ತರ ಕಾಣುತ್ತದೆ. ಅಲ್ಲಲ್ಲಿ ತಾವರೆ ಆಕಾರದ ದೀಪಗಳು. ಗೋಡೆಯಲ್ಲಿ ಕೆಂಪು ಬಂಗಾರದ ಚೀನೀ ಚಿತ್ರಗಳು, ಅದರ ತುಂಬ ಹಾವು, ಡ್ರ್ಯಾಗನ್. ಅದರ ಕೆಳಗೆ ಸಾಲಾಗಿ ಕಬ್ಬಿಣದ ಮಂಚಗಳು ಇರುವ ಫೋಟೋ ಇದೆ. ಚಾರ್ಲ್ಸ್ ಬರ್ಲೀ ಎಂಬ ಕಲಾವಿದ ಬಿಡಿಸಿದ ಚಿತ್ರವೂ ಇದೆ. ಬಿಳಿ ಹೊದಿಕೆ, ತಲೆಗೆ ಕಟ್ಟು, ಮಂಚದ ತುದಿಯಲ್ಲಿ ಕೂತ ಒಬ್ಬ. ರೋಗಿಗೆ ಜಾಸ್ತಿ ಹೊತ್ತು ಕಾಣುವುದು ಛಾವಣಿಯೇ. ಕಂದಕದಿಂದ ಎತ್ತಿಕೊಂಡು ಬಂದವನಿಗೆ, ಜ್ವರದಲ್ಲಿ ರಾತ್ರಿ ಕಣ್ಣು ಬಿಟ್ಟರೆ ಮೇಲೆ ಬಂಗಾರದ ಚಿಪ್ಪು, ಹೆಡೆ ಎತ್ತಿದ ಹಾವು. "ನಾನೆಲ್ಲಿದೀನಿ" ಅಂತ ಕೇಳೋಣ ಅಂದರೆ ಪಕ್ಕದಲ್ಲಿ ಅವನ ಊರಿನ ಮುದುಕಿ ಇಲ್ಲ, ಹೆಂಡತಿ ಇಲ್ಲ, ಅಣ್ಣ ಇಲ್ಲ.

ಅಮ್ಮನ ಮೂರನೇ ಪ್ರಶ್ನೆ ಇಲ್ಲೇ ಬಂದು ನಿಲ್ಲುತ್ತದೆ. ನಮ್ಮ ಕಡೆ ಆಸ್ಪತ್ರೆ ಅಂದರೆ ಡಾಕ್ಟರು, ನರ್ಸು, ಮಾತ್ರೆ ಅಷ್ಟೇ ಅಲ್ಲ. ಜೊತೆಗೆ ಇರುವವರು ಆಸ್ಪತ್ರೆಯ ಅರ್ಧ. ಆಸ್ಪತ್ರೆಗೆ ಸೇರಿಸಿದ್ದಾರೆ ಅಂದ ತಕ್ಷಣ ನಾವು ಕೇಳುವುದೇ "ಯಾರಿದಾರೆ ಜೊತೆಗೆ?" ಅಂತ. ಬ್ರೈಟನ್ನಿನಲ್ಲಿ ಎಲ್ಲವೂ ಇತ್ತು, ಅದೊಂದು ಇರಲಿಲ್ಲ. ಅದರ ಜಾಗದಲ್ಲಿ ಇದ್ದದ್ದು ಕಾಗದ.

ಅವರು ಬರೆದ, ಹೆಚ್ಚಿನವರು ಹೇಳಿ ಬರೆಸಿದ ಕಾಗದಗಳು. ಪಂಜಾಬಿನ ಹಳ್ಳಿಗೆ ಹೋದರೆ ಅಲ್ಲೂ ಯಾರೋ ಓದಿ ಹೇಳಬೇಕು. ಮಧ್ಯದಲ್ಲಿ ಸೇನೆಯ ಸೆನ್ಸಾರ್ ಕಚೇರಿ ಬೇರೆ. ಹೋವೆಲ್ ಎಂಬ ಅಧಿಕಾರಿಯ ಕೆಳಗೆ ಒಂದು ತಂಡ ಆ ಕಾಗದಗಳನ್ನು ಒಡೆದು ಓದಿ, ಆಯ್ದ ಭಾಗಗಳನ್ನು ಇಂಗ್ಲಿಷಿಗೆ ಮಾಡಿ ವರದಿ ಕಳಿಸುತ್ತಿತ್ತು. ಇವತ್ತು ನಮಗೆ ಉಳಿದಿರುವುದು ಹೆಚ್ಚಾಗಿ ಆ ಇಂಗ್ಲಿಷ್ ಭಾಗಗಳೇ, ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿ. ಹೆಂಡತಿಗೆ ಹೇಳಿದ ಮಾತು ಪೊಲೀಸ್ ಕಡತದಲ್ಲಿ ಉಳಿದ ಹಾಗೆ.

ಅದರಲ್ಲಿ 1915ರ ಮೇ ತಿಂಗಳ ಒಂದು ಕಾಗದ ನನಗೆ ಬಾಯಿಪಾಠವೇ ಆಗಿಬಿಟ್ಟಿದೆ. ಬ್ರೈಟನ್ ಆಸ್ಪತ್ರೆಯಿಂದ ಒಬ್ಬ ಸಿಖ್ ಸಿಪಾಯಿ ಬರೆಸಿದ್ದು. ನನ್ನ ಚಿಂತೆ ಮಾಡಬೇಡಿ ಅನ್ನುತ್ತಾನೆ. ಹಗಲೂ ರಾತ್ರಿ ಬಿಳಿಯರು ನಮ್ಮ ಮಂಚದ ಪಕ್ಕದಲ್ಲೇ ಇರುತ್ತಾರೆ, ದಿನಕ್ಕೆ ನಾಲ್ಕು ಸಲ ಒಳ್ಳೇ ಊಟ, ಹಾಲೂ ಕೊಡುತ್ತಾರೆ, ರಾಜನ ಸಿಂಹಾಸನ ಇದ್ದ ಜಾಗದಲ್ಲಿ ನಮ್ಮ ಆಸ್ಪತ್ರೆ ಇದೆ, ನಮ್ಮನ್ನು ಹೂವಿನ ಹಾಗೆ ನೋಡಿಕೊಳ್ಳುತ್ತಾರೆ ಅನ್ನುತ್ತಾನೆ. ತನ್ನವರಿಗೆ ಧೈರ್ಯ ಹೇಳಲು ಬರೆದದ್ದು ಅಂತ ಗೊತ್ತಾಗುತ್ತದೆ. ಆದರೂ ನಾನದನ್ನು ನಂಬುತ್ತೇನೆ. ಅಪ್ಪ ಫೋನಿನಲ್ಲಿ "ಎಲ್ಲಾ ಚೆನ್ನಾಗಿ ನೋಡ್ಕೊತಾರೆ, ನೀನು ರಜಾ ಹಾಕ್ಬೇಡ" ಅಂದಿದ್ದರು. ಅದೂ ನಿಜವೇ ಆಗಿತ್ತು, ಅವರು ಹೇಳದೆ ಬಿಟ್ಟದ್ದೂ ನಿಜವಾಗಿತ್ತು.

ಆ ಸಿಪಾಯಿ ಹೇಳದೆ ಬಿಟ್ಟದ್ದು ಏನು? ಸಿಂಹಾಸನದ ಮಾತೇ ನೋಡಿ. ರಾಜ ತನ್ನ ಅರಮನೆಯನ್ನೇ ಸೈನಿಕರಿಗೆ ಬಿಟ್ಟುಕೊಟ್ಟ ಅನ್ನುವ ಮಾತು ಭಾರತದ ತುಂಬ ಹರಡಿತ್ತು. ಊರು ಅದನ್ನು ಕೊಂಡು 64 ವರ್ಷ ಆಗಿತ್ತು. ಆದರೂ ಸರ್ಕಾರ ಆ ನಂಬಿಕೆಯನ್ನು ಬೆಳೆಸಿತು. ಫೋಟೋ ತೆಗೆಸಿ ಪೋಸ್ಟ್ ಕಾರ್ಡ್ ಮಾಡಿದರು. ಅರಮನೆ ಮತ್ತು ಆಸ್ಪತ್ರೆಯ ಬಗ್ಗೆ ಇಂಗ್ಲಿಷ್, ಉರ್ದು, ಗುರುಮುಖಿಯಲ್ಲಿ ಪುಸ್ತಕ ಅಚ್ಚು ಹಾಕಿಸಿ ಭಾರತಕ್ಕೆ ಕಳಿಸಿದರು. ಇನ್ನಷ್ಟು ಜನ ಸೇನೆಗೆ ಸೇರಬೇಕಿತ್ತು, ಊರುಗಳಲ್ಲಿ ಅಸಮಾಧಾನ ಏಳಬಾರದಿತ್ತು. ಐದನೇ ಜಾರ್ಜ್ ರಾಜ ಕೂಡ ಬಂದು ಹೋದ. 1915ರ ಆಗಸ್ಟಿನಲ್ಲಿ ಅಲ್ಲಿ ರೋಗಿಯಾಗಿದ್ದ ಮೀರ್ ದಸ್ತ್ ಎಂಬ ಜಮಾದಾರ ಹುದ್ದೆಯ ಸೇನಾಧಿಕಾರಿಗೆ ಅರಮನೆಯಲ್ಲೇ ವಿಕ್ಟೋರಿಯಾ ಕ್ರಾಸ್, ಅಂದರೆ ಬ್ರಿಟನ್ನಿನ ಅತಿ ದೊಡ್ಡ ಶೌರ್ಯ ಪದಕ, ಕೊಟ್ಟ. ಏಪ್ರಿಲ್ 26ರಂದು ಈಪ್ರ್ ಹತ್ತಿರ ವಿಷದ ಗಾಳಿಯ ನಡುವೆಯೇ ಅವರು ತಮ್ಮವರನ್ನು ಹೊತ್ತು ತಂದಿದ್ದರು. ಆ ಗಾಳಿ ಅವರ ಮೈಯನ್ನು ಕೊನೆಯವರೆಗೂ ಬಿಡಲಿಲ್ಲ.

ಮತ್ತೆ, ಬೇಲಿ. ಅದರಲ್ಲೂ ಗುಡ್ಡದ ಮೇಲಿನ ಕಿಚನರ್ ಆಸ್ಪತ್ರೆಯಲ್ಲಿ ಮುಳ್ಳುತಂತಿ, ಕಾವಲು. ಸೈನಿಕರು ಊರೊಳಗೆ ತಮ್ಮ ಪಾಡಿಗೆ ತಾವು ಓಡಾಡುವ ಹಾಗಿರಲಿಲ್ಲ. ಇಂಗ್ಲಿಷ್ ಹೆಂಗಸರ ಜೊತೆ ಮಾತಾಡಿಬಿಟ್ಟರೆ ಅನ್ನುವ ಆತಂಕ ಅಧಿಕಾರಿಗಳಿಗೆ. ಒಂದು ಪತ್ರಿಕೆಯಲ್ಲಿ ಭಾರತೀಯ ಸೈನಿಕನ ಮಂಚದ ಪಕ್ಕ ಇಂಗ್ಲಿಷ್ ನರ್ಸ್ ನಿಂತ ಫೋಟೋ ಬಂದದ್ದೇ ದೊಡ್ಡ ಗಲಾಟೆಯಾಯಿತು. ಅಲ್ಲಿಂದ ಬರೆದ ಒಂದು ಕಾಗದದಲ್ಲಿ ನಮ್ಮನ್ನು ಕೈದಿಗಳ ಹಾಗೆ ಇಟ್ಟಿದ್ದಾರೆ ಅಂತ ಇದೆ. ಒಂದೇ ಊರು, ಒಂದೇ ವರ್ಷ. ಒಬ್ಬನಿಗೆ ಹೂವು, ಇನ್ನೊಬ್ಬನಿಗೆ ಕೈದಿ.

ಅವರನ್ನು ನಿಜವಾಗಿ ಕೊರೆಯುತ್ತಿದ್ದ ವಿಷಯ ಇನ್ನೊಂದಿತ್ತು. ವಾಸಿಯಾದವರನ್ನು ಮತ್ತೆ ಯುದ್ಧಕ್ಕೇ ಕಳಿಸುತ್ತಿದ್ದರು. ಒಂದು ಸಲ ಗಾಯವಾದರೆ ಮನೆಗೆ ಹೋಗಬಹುದು ಅಂದುಕೊಂಡಿದ್ದವರಿಗೆ ಇದು ಆಘಾತ. ವಾಸಿಯಾಗುವುದೇ ಭಯ. ಬೇಕಂತಲೇ ಕೈಗೆ ಗುಂಡು ಹೊಡೆದುಕೊಳ್ಳುತ್ತಾರೆ ಅಂತ ಅವರ ಮೇಲೆ ಆರೋಪವೂ ಇತ್ತು. ಕಿಚನರ್ ಆಸ್ಪತ್ರೆಯ ಮುಖ್ಯಸ್ಥ ಬ್ರೂಸ್ ಸೀಟನ್, ಆ ಬೇಲಿ ಹಾಕಿಸಿದ ಅಧಿಕಾರಿಯೇ, 1,000 ಗಾಯಗಳನ್ನು ಒಂದೊಂದಾಗಿ ನೋಡಿ ಆ ಆರೋಪಕ್ಕೆ ಆಧಾರವಿಲ್ಲ ಅಂತ ವರದಿ ಬರೆದ. ಕಟ್ಟುನಿಟ್ಟಿನ ಮನುಷ್ಯ, ಆದರೆ ಈ ಒಂದು ಕಡೆ ಸೈನಿಕರ ಪರವಾಗಿ ಸತ್ಯ ಹೇಳಿದ.

ಊರಿಗೆ ಬರೆಯುವಾಗ ನೇರ ಹೇಳಲಾಗದ್ದನ್ನು ಒಗಟಿನಲ್ಲಿ ಹೇಳುತ್ತಿದ್ದರು. ಕರಿಮೆಣಸು ಎಲ್ಲಾ ಖರ್ಚಾಯಿತು, ಈಗ ಕೆಂಪು ಮೆಣಸಿನಕಾಯಿ ತರಿಸುತ್ತಿದ್ದಾರೆ ಅಂತ ಒಬ್ಬ ಬರೆದ. ಕರಿಮೆಣಸು ಅಂದರೆ ನಾವು, ಕೆಂಪು ಮೆಣಸು ಅಂದರೆ ಬಿಳಿಯರು. ಸೆನ್ಸಾರಿಗೂ ಅದು ಅರ್ಥವಾಗಿಬಿಟ್ಟಿತು. ಮೆಣಸಿನ ಬಳ್ಳಿ ನೋಡಿ ಬೆಳೆದ ಅಮ್ಮ ಇದನ್ನು ಕೇಳಿ ಎರಡು ಸಲ ಹೇಳಿಸಿದಳು. "ಖರ್ಚಾಯ್ತು ಅಂದ್ನಾ?" ಅಂದಳು.

1915ರ ಕೊನೆಗೆ ಭಾರತದ ಕಾಲಾಳುಗಳನ್ನು ಫ್ರಾನ್ಸಿನಿಂದ ಮೆಸಪೊಟೇಮಿಯಾಕ್ಕೆ, ಅಂದರೆ ಇವತ್ತಿನ ಇರಾಕಿಗೆ, ಸಾಗಿಸಿದರು. 1916ರ ಆರಂಭಕ್ಕೆ ಅರಮನೆ ಖಾಲಿಯಾಯಿತು. ಆಸ್ಪತ್ರೆಯ ಕತೆ ಅಲ್ಲಿಗೇ ಮುಗಿಯಲಿಲ್ಲ. ಏಪ್ರಿಲ್ 1916ರಿಂದ 1920ರವರೆಗೆ ಅದು ಕೈಕಾಲು ಕಳೆದುಕೊಂಡ ಬ್ರಿಟಿಷ್ ಸೈನಿಕರ ಆಸ್ಪತ್ರೆ. 6,000ಕ್ಕೂ ಜಾಸ್ತಿ ಜನ. ಮೊಂಡು ಕಾಲು ಒಣಗುವವರೆಗೆ ಕಾಯುವುದು, ಕೃತಕ ಕಾಲು ಕಟ್ಟಿಕೊಂಡು ನಡೆಯಲು ಕಲಿಯುವುದು, ಜೊತೆಗೆ ಬಡಗಿ ಕೆಲಸ, ಕರೆಂಟಿನ ಕೆಲಸ, ಮೋಟಾರ್ ರಿಪೇರಿ. ಕೈ ಹೋದ ಮನುಷ್ಯನಿಗೆ ಮನೆಗೆ ಹೋದ ಮೇಲೆ ಹೊಟ್ಟೆಪಾಡು ಏನು ಅನ್ನುವುದನ್ನು ಆಸ್ಪತ್ರೆಯೇ ಯೋಚಿಸಿತ್ತು. ಪಂಜಾಬಿಗೆ ಒಂದು ಕಾಲಲ್ಲಿ ಮರಳಿದವನಿಗೆ ಇಂಥ ಎಷ್ಟು ವರ್ಕ್‌ಶಾಪ್ ಕಾದಿದ್ದವು ಅನ್ನುವ ಪ್ರಶ್ನೆ ಇದನ್ನು ಓದುವಾಗ ಮನಸ್ಸಿಂದ ಹೋಗುವುದಿಲ್ಲ.

ಆಮೇಲೆ ಅರಮನೆಯನ್ನು ಮತ್ತೆ ಅರಮನೆ ಮಾಡಿದರು. 1921ರ ಅಕ್ಟೋಬರಿನಲ್ಲಿ ಭಾರತದ ರಾಜರು ಮತ್ತು ಜನರ ಕಾಣಿಕೆ ಅಂತ ದಕ್ಷಿಣದ ಕಡೆ ಒಂದು ಹೆಬ್ಬಾಗಿಲು ಎದ್ದಿತು, ಪಟಿಯಾಲದ ಮಹಾರಾಜರು ಬಂದು ತೆರೆದರು. ಸಂಗೀತದ ಹಾಲ್‌ಗೆ 1975ರಲ್ಲಿ ಯಾರೋ ಬೆಂಕಿ ಹಚ್ಚಿದರು. ವರ್ಷಗಟ್ಟಲೆ ಕೂತು ರಿಪೇರಿ ಮಾಡಿದ ಮೇಲೆ 1987ರ ಬಿರುಗಾಳಿಗೆ ಮಿನಾರಿನ ಕಲ್ಲಿನ ಗುಂಡು ಕಿತ್ತು ಬಂದು ಛಾವಣಿ ತೂರಿ ಹೊಸ ಜಮಖಾನದೊಳಗೆ ಹೂತುಕೊಂಡಿತು. ಮತ್ತೆ ಚಿಪ್ಪುಗಳನ್ನು ಜೋಡಿಸಿದರು. 2010ರಲ್ಲಿ ಒಂದು ಕೋಣೆಯನ್ನು ಭಾರತೀಯ ಆಸ್ಪತ್ರೆಯ ನೆನಪಿಗೆ ಮೀಸಲಿಟ್ಟರು. ಚಿಕ್ಕ ಕೋಣೆ. ಅಮ್ಮ ಅಲ್ಲಿ ಜಾಸ್ತಿ ಹೊತ್ತು ನಿಂತಳು.

ಮಧ್ಯಾಹ್ನ ನಾವು ಬಸ್ಸಿನಲ್ಲಿ ಪ್ಯಾಚಮ್‌ವರೆಗೆ ಹೋಗಿ ಅಲ್ಲಿಂದ ಗುಡ್ಡ ಹತ್ತಿದೆವು. ಆಸ್ಪತ್ರೆಯಲ್ಲಿ ಸತ್ತ ಮುಸಲ್ಮಾನ ಸೈನಿಕರನ್ನು ವೋಕಿಂಗ್ ಊರಿನ ಶಾಜಹಾನ್ ಮಸೀದಿಯ ಹತ್ತಿರ ಮಣ್ಣು ಮಾಡಿದರು. ಹಿಂದೂ ಮತ್ತು ಸಿಖ್ 53 ಜನರನ್ನು ಈ ಗುಡ್ಡದ ಮೇಲೆ ಸುಟ್ಟರು, ಬೂದಿಯನ್ನು ಸಮುದ್ರಕ್ಕೆ ಬಿಟ್ಟರು. ಅಲ್ಲೊಂದು ಸ್ಮಾರಕ ಇರಬೇಕು ಅಂತ 1915ರಲ್ಲಿ ಹೇಳಿದ್ದು ಇಂಡಿಯನ್ ಮೆಡಿಕಲ್ ಸರ್ವಿಸ್‌ನ ಲೆಫ್ಟಿನೆಂಟ್ ದಾಸ್‌ಗುಪ್ತಾ. ಊರಿನ ಮೇಯರ್ ಜಾನ್ ಆಟರ್ ಅದನ್ನು ಹಿಡಿದು ಕೂತು ಮಾಡಿಸಿದರು. ಬಾಂಬೆಯ ಇ.ಸಿ. ಹೆನ್ರಿಕ್ಸ್ ನಕ್ಷೆ ಬರೆದರು. 1921ರ ಫೆಬ್ರವರಿ 1ರಂದು ತೆರೆದ ಅದರ ಹೆಸರು ಛತ್ರಿ. ಬಿಳಿ ಅಮೃತಶಿಲೆಯ ಎಂಟು ಕಂಬ, ಮೇಲೊಂದು ಗುಮ್ಮಟ. ಅದರ ಮುಂದೆ ಮೂರು ಗ್ರಾನೈಟ್ ಚಪ್ಪಡಿ, ಚಿತೆ ಉರಿದ ಕಟ್ಟೆಗಳ ಮೇಲೆ ಮುಚ್ಚಿದ್ದು. ಎರಡನೇ ಮಹಾಯುದ್ಧದಲ್ಲಿ ಸೇನೆ ಈ ಗುಡ್ಡದಲ್ಲಿ ಗುಂಡು ಹೊಡೆಯುವ ತರಬೇತಿ ನಡೆಸಿ ಕಲ್ಲಿಗೆ ಗುಂಡು ತಗಲಿತ್ತು, ಆಮೇಲೆ ಸರಿ ಮಾಡಿದರು. ಕಲ್ಲಿನ ಮೇಲಿನ ಬರಹದಲ್ಲಿ ಸತ್ತವರು "ಬೆಂಕಿಯನ್ನು ಹಾದು ಹೋದರು" ಅನ್ನುವ ಮಾತಿದೆ.

ಸುತ್ತ ಕುರಿ ಮೇಯುತ್ತಿದ್ದವು. ದೂರದಲ್ಲಿ ಹೈವೇ ಸದ್ದು, ಅದರಾಚೆ ಸಮುದ್ರ. ಅಮ್ಮನಿಗೆ 68. ದಾರಿಯಲ್ಲಿ ಮೂರು ಕಡೆ ಕೂತಳು, ಆದರೆ ವಾಪಸ್ ಹೋಗೋಣ ಅನ್ನಲಿಲ್ಲ. ಮೇಲೆ ಬಂದು ಚಪ್ಪಡಿಯ ಹತ್ತಿರ ಶೂ ಬಿಚ್ಚಿ ನಿಂತಳು. ನೀರಿನ ಬಾಟಲಿ ತೆಗೆದು ಚಪ್ಪಡಿಯ ಅಂಚಿಗೆ ಸ್ವಲ್ಪ ನೀರು ಹಾಕಿದಳು. ಅಪ್ಪನಿಗೆ ಕೊನೆಗೆ ಚಮಚದಲ್ಲಿ ನೀರು ಬಿಟ್ಟದ್ದೂ ಅವಳೇ.

ಪಕ್ಕದಲ್ಲಿ ಇನ್ನೊಂದು ಕಲ್ಲು ಇದೆ, 2010ರಲ್ಲಿ ಇಟ್ಟದ್ದು. ಅದರಲ್ಲಿ ಆ 53 ಜನರ ಹೆಸರು. 89 ವರ್ಷ ಛತ್ರಿ ಇತ್ತು, ಅಲ್ಲಿ ಹೆಸರು ಇರಲಿಲ್ಲ.

"ಓದು" ಅಂದಳು ಅಮ್ಮ. ಓದಿದೆ. ಕೆಲವು ಹೆಸರುಗಳನ್ನು ಸರಿಯಾಗಿ ಹೇಳಲು ಎರಡೆರಡು ಸಲ ತಡವರಿಸಿದೆ. ಅವಳು ಕೈ ಕಟ್ಟಿಕೊಂಡು ಕೇಳಿದಳು, ಮಧ್ಯ ಮಧ್ಯ ತುಟಿ ಅಲ್ಲಾಡಿಸಿ ತಾನೂ ಹೇಳಿಕೊಂಡಳು. ಮುಗಿದ ಮೇಲೆ ನಾನು ಬ್ಯಾಗು ಹೆಗಲಿಗೆ ಹಾಕಿಕೊಂಡೆ. ಬಸ್ಸಿಗೆ ಹೊತ್ತಾಗುತ್ತಿತ್ತು.

"ಮೊದಲ್ನೆ ನಾಕೈದು ಹೆಸ್ರು ಗಾಳೀಲಿ ಕೇಳಿಸ್ಲಿಲ್ಲ ಕಣೇ" ಅಂದಳು. "ಇನ್ನೊಂದ್ಸಲ ಓದು."

ಬ್ಯಾಗು ಕೆಳಗಿಟ್ಟು ಅವಳ ಪಕ್ಕಕ್ಕೆ ಬಂದು ನಿಂತು, ಮೊದಲಿಂದ ಓದಿದೆ.